ರೀಲು ಕೊಳ್ಳುವ ಮೊದಲು ಆಳ ಕೇಳಿಕೊಳ್ಳಿ

ಆಳಸಮುದ್ರದಲ್ಲಿ ಜಿಗ್ ಹಾಕಿ ಮೀನು ಹಿಡಿಯುವ ಆಸೆ ಹೊತ್ತವರು ಅಂಗಡಿಗೆ ಹೋದ ಕೂಡಲೇ ಕೇಳುವ ಪ್ರಶ್ನೆ ಒಂದೇ: ಸ್ಪಿನ್ನಿಂಗ್ ರೀಲು ಗಟ್ಟಿಯೋ, ಕನ್ವೆನ್ಷನಲ್ ರೀಲು ಗಟ್ಟಿಯೋ? ಒಂದು ಕಾಲದಲ್ಲಿ ಈ ಪ್ರಶ್ನೆಗೆ ಅರ್ಥವಿತ್ತು. ದೊಡ್ಡ ಮೀನಿನ ಮುಂದೆ ಸ್ಪಿನ್ನಿಂಗ್ ರೀಲಿನ ಗೇರು ಸವೆಯುತ್ತಿತ್ತು, ಮೈ ಬಾಗುತ್ತಿತ್ತು, ಬೇಲ್ ತಂತಿ ಮುರಿಯುತ್ತಿತ್ತು. ಇವತ್ತು ಒಳ್ಳೆಯ ತಯಾರಕರ ಎರಡೂ ಬಗೆಯ ರೀಲುಗಳು ನಮ್ಮ ಭುಜ, ಸೊಂಟ ತಾಳಿಕೊಳ್ಳುವುದಕ್ಕಿಂತ ಹೆಚ್ಚಿನ ಎಳೆತವನ್ನು ತಾಳಿಕೊಳ್ಳುತ್ತವೆ. ಗಟ್ಟಿತನದ ಚರ್ಚೆ ಅಲ್ಲಿಗೆ ಮುಗಿಯಿತು. ಈಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ನಾನು ಹೋಗುವ ಜಾಗದಲ್ಲಿ ನೀರು ಎಷ್ಟು ಆಳ? ಅಲ್ಲಿನ ಮೀನು ಜಿಗ್ಗನ್ನು ಮೇಲೆ ಓಡುವಾಗ ಹಿಡಿಯುತ್ತದೋ, ಕೆಳಗೆ ಬೀಳುವಾಗ ಹಿಡಿಯುತ್ತದೋ?

ಜಿಗ್ ಎಂದರೇನೆಂದು ತಿಳಿಯದವರಿಗಾಗಿ ಎರಡು ಮಾತು. ಅದು ಸೀಸ ಅಥವಾ ಟಂಗ್‌ಸ್ಟನ್‌ನಲ್ಲಿ ಮಾಡಿದ, ಮೀನಿನ ಆಕಾರದ ತುಂಡು. ಮೈಮೇಲೆ ಮಿರುಗುವ ಬಣ್ಣ, ತಲೆಯ ಕಡೆ ಗಟ್ಟಿ ದಾರದ ಕುಣಿಕೆಯಲ್ಲಿ ತೂಗುವ ಒಂದೋ ಎರಡೋ ಗಾಳ. ಎರೆ ಕಟ್ಟುವುದಿಲ್ಲ, ವಾಸನೆ ಇಲ್ಲ. ಅದರ ಪಾಡಿಗೆ ಬಿಟ್ಟರೆ ಅದು ಮುಳುಗುವ ಲೋಹ ಅಷ್ಟೇ. ಗಾಯಗೊಂಡ ಮೀನಿನ ಹಾಗೆ, ಹೆದರಿ ಓಡುವ ಸ್ಕ್ವಿಡ್‌ನ ಹಾಗೆ ಅದನ್ನು ಕುಣಿಸುವುದು ರಾಡು ಹಿಡಿದ ಕೈ ಮತ್ತು ರೀಲು ತಿರುಗಿಸುವ ಕೈ. ಎರೆ ಕಟ್ಟಿ ಕಾಯುವವರಿಗೆ ರೀಲು ದಾರ ಸುತ್ತಿಡುವ ಸಾಧನವಾದರೆ ಸಾಕು. ಜಿಗ್ಗಿಂಗ್‌ನಲ್ಲಿ ಹಾಗಲ್ಲ, ಹ್ಯಾಂಡಲಿನ ಒಂದೊಂದು ಸುತ್ತೂ ನೂರು ಮೀಟರ್ ಕೆಳಗಿರುವ ಲೋಹದ ತುಂಡಿನ ಒಂದೊಂದು ಜಿಗಿತವಾಗುತ್ತದೆ. ರೀಲಿನ ಆಯ್ಕೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾದ ಕಾರಣವೂ ಇದೇ.

ಬೆಂಗಳೂರು, ಮಂಗಳೂರು ಕಡೆಯಿಂದ ಈ ಹವ್ಯಾಸಕ್ಕೆ ಹೊರಡುವವರಲ್ಲಿ ಬಹುಪಾಲು ಮಂದಿ ಅಂಡಮಾನಿಗೆ ಹೋಗುತ್ತಾರೆ. ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂ ಅಥವಾ ಸ್ವರಾಜ್ ದ್ವೀಪದಿಂದ ದೋಣಿ ಹೊರಟರೆ ಬಹಳ ದೂರ ಹೋಗುವ ಮೊದಲೇ ಸಮುದ್ರದ ತಳ ಕಡಿದಾಗಿ ಇಳಿಯುತ್ತದೆ. ಅಲ್ಲಿ ಜಯಂಟ್ ಟ್ರೆವಲ್ಲಿ, ಡಾಗ್‌ಟೂತ್ ಟ್ಯೂನಾ, ಮುರು ಮೀನು, ಕೆಂಬೇರಿ ಎಲ್ಲವೂ ಉಂಟು. ನಮ್ಮ ಕರಾವಳಿಯ ಕಥೆ ಬೇರೆ. ಪಶ್ಚಿಮ ಕರಾವಳಿಯ ಭೂಖಂಡದ ಅಂಚು ಅಗಲವಾಗಿದೆ, ಇಳಿಜಾರು ನಿಧಾನ. ಮಲ್ಪೆಯಿಂದಲೋ ಕಾರವಾರದಿಂದಲೋ ನೂರು ಮೀಟರ್ ಆಳ ಮುಟ್ಟಬೇಕಾದರೆ ಹತ್ತಾರು ಕಿಲೋಮೀಟರ್ ಹೊರಗೆ ಹೋಗಬೇಕು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯ ಕಡೆಯ ನೀರು ಕೂಡ ಅಂಡಮಾನಿನ ಇಳಿಜಾರುಗಳ ಮುಂದೆ ತೀರಾ ಕಡಿಮೆ ಆಳದ್ದು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಅಂಡಮಾನಿನ ಗೈಡ್ ಹೇಳಿದ ರೀಲು ಉಡುಪಿಯವರಿಗೆ ಹೊಂದಬೇಕೆಂದಿಲ್ಲ.

ಇನ್ನು ಯಂತ್ರದ ವಿಚಾರ. ಕನ್ವೆನ್ಷನಲ್ ರೀಲು ಬಾವಿಕಟ್ಟೆಯ ರಾಟೆ ಇದ್ದಂತೆ: ದಾರ ಇಳಿಯುವಾಗಲೂ ಏರುವಾಗಲೂ ಅದನ್ನು ಸುತ್ತಿಟ್ಟ ಸ್ಪೂಲು ತಾನೇ ತಿರುಗುತ್ತದೆ, ದಾರ ನೇರವಾಗಿ ಬರುತ್ತದೆ, ನೇರವಾಗಿ ಸುತ್ತಿಕೊಳ್ಳುತ್ತದೆ. ರಾಡಿನ ಮೇಲ್ಬದಿಯಲ್ಲಿ ಕೂರುತ್ತದೆ. ಹ್ಯಾಂಡಲಿನ ಒಂದು ಸುತ್ತಿಗೆ ಸ್ಪೂಲು ಹಲವು ಸುತ್ತು ತಿರುಗುವುದರಿಂದ ಬ್ರಿಟಿಷರು ಇದನ್ನು ಮಲ್ಟಿಪ್ಲೈಯರ್ ಎಂದರು. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ತಯಾರಕರು ಇಂಥ ರೀಲನ್ನು ಗಡಿಯಾರದ ನಿಖರತೆಯಲ್ಲಿ ಮಾಡಿ ಹೆಸರಾದರು. 1932ರಲ್ಲಿ ಫಿಲಡೆಲ್ಫಿಯಾದಲ್ಲಿ ಒಟ್ಟೊ ಹೆನ್ಝೆ ಕಟ್ಟಿದ ಪೆನ್ ಕಂಪನಿ ಸಮುದ್ರಕ್ಕೆ ತಾಳುವ ರೀಲುಗಳನ್ನು ಸಾಮಾನ್ಯ ಜನರ ಕೈಗೆ ತಂದಿತು. ದೊಡ್ಡ ಮೀನು ಎಂದರೆ ಈ ರೀಲು ಎಂಬ ನಂಬಿಕೆ ಬೇರೂರಿದ್ದು ಆ ಕಾಲದಲ್ಲಿ.

ಸ್ಪಿನ್ನಿಂಗ್ ರೀಲು ಹುಟ್ಟಿದ್ದು ನೂಲಿನ ಗಿರಣಿಯಿಂದ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ಉಣ್ಣೆ ಗಿರಣಿಯ ಮಾಲೀಕ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಗಿರಣಿಯಲ್ಲಿ ಕದಿರು ಅಲುಗದೆ ನಿಂತಿದ್ದರೂ ಅದರ ತುದಿಯಿಂದ ನೂಲು ಸರಾಗವಾಗಿ ಬಿಚ್ಚಿಕೊಳ್ಳುವುದನ್ನು ದಿನವೂ ಕಂಡಿದ್ದ ಮನುಷ್ಯ ಅವರು. ಅದೇ ತತ್ವ ಇಲ್ಲಿಯೂ ಇದೆ. ಸ್ಪೂಲು ತಿರುಗುವುದಿಲ್ಲ, ದಾರ ಅದರ ಅಂಚಿನಿಂದ ಸುರುಳಿಯಾಗಿ ಜಾರಿ ಹೋಗುತ್ತದೆ. ಮತ್ತೆ ಸುತ್ತುವಾಗ ರೋಟರ್ ಎಂಬ ಭಾಗ ಸ್ಪೂಲಿನ ಸುತ್ತ ಓಡುತ್ತಾ ದಾರವನ್ನು ಹೊದಿಸುತ್ತದೆ. ರೀಲು ರಾಡಿನ ಕೆಳಗೆ ತೂಗುತ್ತದೆ. ಇದರ ಸುಖವೂ ಕಷ್ಟವೂ ಇರುವುದು ಒಂದೇ ಕಡೆ. ರಾಡಿನಿಂದ ಬಂದ ದಾರ ಒಂದು ಸಣ್ಣ ರೋಲರಿನ ಮೇಲೆ ಲಂಬ ಕೋನದಲ್ಲಿ ತಿರುಗಿಯೇ ಸ್ಪೂಲಿಗೆ ಹೋಗಬೇಕು. ಮೀನಿನ ಎಳೆತವೆಲ್ಲ ಆ ಸಣ್ಣ ರೋಲರು ಮತ್ತು ರೋಟರಿನ ಒಂದು ತೋಳಿನ ಮೇಲೆ ಬೀಳುತ್ತದೆ.

ಜಿಗ್ಗಿಂಗ್‌ನ ಅರ್ಧ ಕೆಲಸ ಜಿಗ್ ತಳ ಮುಟ್ಟುವ ಹೊತ್ತಿಗೆ ಮುಗಿದಿರುತ್ತದೆ. ಹಾಗಾಗಿ ಈ ವ್ಯತ್ಯಾಸ ಕೈಗೆ ಮೊದಲು ತಟ್ಟುವುದು ಜಿಗ್ ಇಳಿಯುವಾಗಲೇ.

ಕನ್ವೆನ್ಷನಲ್ ರೀಲಿನಲ್ಲಿ ಒಂದು ಲಿವರ್ ಒತ್ತಿದರೆ ಸ್ಪೂಲು ಸ್ವತಂತ್ರವಾಗುತ್ತದೆ, ಹೆಬ್ಬೆರಳು ಅದರ ಮೇಲೆ ಹಗುರವಾಗಿ ಕೂತಿರುತ್ತದೆ. 200 ಗ್ರಾಂ ಜಿಗ್ ಇಳಿಯತೊಡಗುತ್ತದೆ. ಈ ಮೀನುಗಾರಿಕೆಗೆ ಬಳಸುವ ಹೆಣೆದ ದಾರದ ಬಣ್ಣ ಹತ್ತು ಮೀಟರಿಗೊಮ್ಮೆ ಬದಲಾಗುತ್ತದೆ: ನೀಲಿ ಹೋಗಿ ಕಿತ್ತಳೆ, ಕಿತ್ತಳೆ ಹೋಗಿ ಹಸಿರು, ಹೀಗೆ. ಬಣ್ಣ ಎಣಿಸುತ್ತಾ ಹೋದರೆ ಆಳದ ಅಂದಾಜು ಸಿಗುತ್ತದೆ. ಎಣಿಸುತ್ತಿರುವಾಗಲೇ ಹೆಬ್ಬೆರಳಿನಡಿ ಸ್ಪೂಲಿನ ವೇಗ ತಟಕ್ಕನೆ ಕುಗ್ಗಿದರೆ ಎರಡರಲ್ಲಿ ಒಂದು ಆಗಿರುತ್ತದೆ, ತಳ ಬಂದಿರುತ್ತದೆ ಇಲ್ಲವೇ ಮೀನು ದಾರಿಯಲ್ಲೇ ಹಿಡಿದಿರುತ್ತದೆ. ದೋಣಿಯ ಆಳಮಾಪಕದ ಪರದೆಯಲ್ಲಿ ತಳ 110 ಮೀಟರ್ ಎಂದು ತೋರಿಸುತ್ತಿದ್ದು ದಾರ 80ರಲ್ಲಿ ನಿಂತರೆ ಅದು ಮೀನೇ. ಹೆಬ್ಬೆರಳು ಒತ್ತಿ, ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ ಗೇರು ಕಚ್ಚಿಕೊಳ್ಳುತ್ತದೆ. ನಡುವೆ ಸಡಿಲ ದಾರ ಇಲ್ಲ, ಕೈ ಬದಲಿಸುವ ಗೊಡವೆ ಇಲ್ಲ.

ಸ್ಪಿನ್ನಿಂಗ್ ರೀಲಿನಲ್ಲಿ ಬೇಲ್, ಅಂದರೆ ದಾರವನ್ನು ಹಿಡಿದಿಡುವ ತಂತಿಯ ಕಮಾನು ತೆರೆದರೆ ಜಿಗ್ ಇನ್ನೂ ವೇಗವಾಗಿ ಇಳಿಯುತ್ತದೆ. ತಿರುಗಬೇಕಾದ ಸ್ಪೂಲಿನ ಜಡತ್ವ ಇಲ್ಲವಲ್ಲ! ಪ್ರವಾಹ ಬಲವಾಗಿರುವ ಕಡೆ ಇದು ಸಣ್ಣ ಲಾಭವಲ್ಲ. ಆದರೆ ದಾರ ಸುರುಳಿ ಸುರುಳಿಯಾಗಿ ಹೊರಬೀಳುವಾಗ ಜಿಗ್ ನಿಂತಿತೋ ಇಲ್ಲವೋ ತಿಳಿಯುವುದು ಕಷ್ಟ. ತೋರುಬೆರಳನ್ನು ಸ್ಪೂಲಿನ ಅಂಚಿಗೆ ಹಿಡಿದು ದಾರ ಸವರಿಕೊಂಡು ಹೋಗುವಂತೆ ಮಾಡುವವರಿದ್ದಾರೆ, ಅಭ್ಯಾಸವಾದರೆ ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೂ ಮೀನು ಹಿಡಿದ ಆ ಕ್ಷಣದಲ್ಲಿ ಬೇಲ್ ಮುಚ್ಚಬೇಕು, ಸಡಿಲ ದಾರ ಎಳೆದುಕೊಳ್ಳಬೇಕು. ಅಷ್ಟರಲ್ಲಿ ಮುರು ಮೀನು ಬಂಡೆಯ ಬಿಲ ಸೇರಿರುತ್ತದೆ. ಬೀಳುವ ಜಿಗ್ಗಿಗೆ ಮೀನು ಬೀಳುವ ಕಡೆ ಕನ್ವೆನ್ಷನಲ್ ರೀಲು ಮುಂದೆ ಎಂದು ನಾನು ಹೇಳುವುದು ಇದಕ್ಕೇ.

ಜಪಾನಿನ ಜಿಗ್ಗಿಂಗ್ ಎರಡು ಕವಲಾಗಿರುವುದೂ ಈ ಓಡುವ-ಬೀಳುವ ಲೆಕ್ಕದ ಮೇಲೆಯೇ. ಒಂದು ವೇಗದ ಜಿಗ್ಗಿಂಗ್. ಚೂರಿಯಂಥ ಉದ್ದನೆಯ ಜಿಗ್, ರಾಡಿನ ಒಂದು ಎಳೆತಕ್ಕೆ ಹ್ಯಾಂಡಲಿನ ಒಂದು ಸುತ್ತು, ಎಳೆ-ಸುತ್ತು, ಎಳೆ-ಸುತ್ತು ಎಂದು ತಳದಿಂದ ಮೇಲಿನವರೆಗೆ ನಿಲ್ಲದೆ. ಆಂಬರ್‌ಜ್ಯಾಕ್, ಟ್ರೆವಲ್ಲಿ, ಡಾಗ್‌ಟೂತ್ ಟ್ಯೂನಾಗಳಂಥ ಓಡುವ ಬೇಟೆಗಾರರಿಗೆ ಇದು ಸರಿ. ಇಲ್ಲಿ ಸ್ಪಿನ್ನಿಂಗ್ ರೀಲು ಸೊಗಸಾಗಿ ಕೂರುತ್ತದೆ. ರಾಡಿನ ಬುಡ ಕಂಕುಳಿಗೆ, ರೀಲು ಕೆಳಗೆ, ತೂಕ ತಾನಾಗಿಯೇ ಸಮತೋಲದಲ್ಲಿ ನಿಲ್ಲುತ್ತದೆ. ಉದ್ದನೆಯ ಹ್ಯಾಂಡಲಿನ ತುದಿಯ ದೊಡ್ಡ ಗುಂಡಿ ಅಂಗೈ ತುಂಬುತ್ತದೆ, ಲಯ ತಪ್ಪುವುದಿಲ್ಲ.

ಇನ್ನೊಂದು ಸ್ಲೋ ಪಿಚ್. ಜಪಾನಿನ ನೊರಿಹಿರೊ ಸಾಟೊ ಹೆಸರಿನೊಂದಿಗೆ ಬೆಸೆದುಕೊಂಡ ವಿಧಾನ ಇದು. ರಾಡು ಸಣ್ಣದಾಗಿ ಬಾಗಿ, ತಾನೇ ನೆಟ್ಟಗಾಗುತ್ತಾ ಜಿಗ್ಗನ್ನು ಒಂದಿಷ್ಟು ಎತ್ತುತ್ತದೆ. ಆಮೇಲೆ ದಾರ ಸಡಿಲವಾದಾಗ ಜಿಗ್ ಅಡ್ಡಕ್ಕೆ ಹೊರಳಿ, ಎಲೆ ಅಲುಗಿದಂತೆ ಅಲುಗುತ್ತಾ ಬೀಳುತ್ತದೆ. ಮೀನು ಬಾಯಿ ಹಾಕುವುದು ಆ ಬೀಳುವ ಹೊತ್ತಿನಲ್ಲಿ. ಹ್ಯಾಂಡಲ್ ಇಲ್ಲಿ ಕಾಲು ಸುತ್ತು, ಅರ್ಧ ಸುತ್ತು, ಒಂದು ಸುತ್ತು ಎಂದು ಅಳೆದು ತಿರುಗಬೇಕು. ದಾರ ಎಷ್ಟು ಸಡಿಲ ಬಿಡಬೇಕೆಂಬುದನ್ನು ಬೆರಳು ತೀರ್ಮಾನಿಸಬೇಕು. ಈ ಕೆಲಸಕ್ಕೆ ಕಿರಿದಾದ ಸ್ಪೂಲಿನ ಕನ್ವೆನ್ಷನಲ್ ರೀಲಿಗೆ ಸಾಟಿ ಇಲ್ಲ. ಸ್ಪಿನ್ನಿಂಗ್ ರೀಲಿನಲ್ಲೂ ಸ್ಲೋ ಪಿಚ್ ಮಾಡುವವರು ಹೆಚ್ಚುತ್ತಿದ್ದಾರೆ, ಅದಕ್ಕೆಂದೇ ರಾಡುಗಳೂ ಬಂದಿವೆ. ಆದರೆ ಅರವತ್ತು-ಎಪ್ಪತ್ತು ಮೀಟರ್ ದಾಟಿದ ಮೇಲೆ ಕೆಳಗಿನ ಸುದ್ದಿ ಕೈಗೆ ಮಸುಕಾಗಿ ಬರುತ್ತದೆ.

ಸುದ್ದಿ ತರುವುದು ದಾರ, ಆದ್ದರಿಂದ ಅದರ ಬಗ್ಗೆಯೂ ಹೇಳಲೇಬೇಕು. ಪಿಇ ಎಂದು ಕರೆಯುವ ಪಾಲಿಥಿಲೀನ್ ಹೆಣಿಗೆ ದಾರ ನೈಲಾನಿನ ಹಾಗೆ ಹಿಗ್ಗುವುದಿಲ್ಲ. ನೂರು ಮೀಟರ್ ಕೆಳಗೆ ಜಿಗ್ ಬಂಡೆಗೆ ತಟ್ಟಿದ್ದು ಮೇಲೆ ಗೊತ್ತಾಗುವುದು ಅದರಿಂದ. ದಪ್ಪವನ್ನು ಜಪಾನಿನ ಪಿಇ ಸಂಖ್ಯೆಯಲ್ಲಿ ಹೇಳುತ್ತಾರೆ. ಪಿಇ 1 ಎಂದರೆ 0.165 ಮಿಲಿಮೀಟರ್, ಪಿಇ 4 ಎಂದರೆ 0.33. ಸಂಖ್ಯೆ ನಾಲ್ಕು ಪಟ್ಟಾದರೆ ದಪ್ಪ ಎರಡು ಪಟ್ಟು ಆಗುತ್ತದೆ. ದಪ್ಪವಾದಷ್ಟೂ ಪ್ರವಾಹ ದಾರವನ್ನು ಹೊಟ್ಟೆಯಂತೆ ಉಬ್ಬಿಸಿ ಒಯ್ಯುತ್ತದೆ, ನಾವು ಎಳೆದದ್ದು ಜಿಗ್ಗಿಗೆ ತಲುಪುವ ಮೊದಲೇ ಆ ಉಬ್ಬು ನುಂಗಿಬಿಡುತ್ತದೆ. ಹಾಗಾಗಿ ಆಳ ಹೆಚ್ಚಿದಂತೆ ತೆಳು ದಾರ ಬೇಕು. ತೆಳು ದಾರವನ್ನು ಬಿಗಿಯಾಗಿ, ತಿರುಚದೆ ಸುತ್ತುವುದರಲ್ಲಿ ಕನ್ವೆನ್ಷನಲ್ ರೀಲು ನಿಸ್ಸಂದೇಹವಾಗಿ ಮೇಲು.

ತಿರುಚುವಿಕೆ ಸ್ಪಿನ್ನಿಂಗ್ ರೀಲಿನ ಹುಟ್ಟುಗುಣ. ಅದು ಮಿತಿಮೀರುವುದು ನಮ್ಮ ಕೈಯಿಂದ. ಮೀನು ಡ್ರ್ಯಾಗ್, ಅಂದರೆ ಸ್ಪೂಲಿನ ಬ್ರೇಕನ್ನು ಮೀರಿ ದಾರ ಎಳೆದುಕೊಂಡು ಓಡುತ್ತಿದೆ, ಗಾಬರಿಯಲ್ಲಿ ನಾವು ಹ್ಯಾಂಡಲ್ ತಿರುಗಿಸುತ್ತಲೇ ಇದ್ದೇವೆ ಎಂದಿಟ್ಟುಕೊಳ್ಳಿ. ದಾರ ಒಳಗೆ ಬರುವುದಿಲ್ಲ, ರೋಟರ್ ಮಾತ್ರ ಸುತ್ತುತ್ತದೆ. ಗೇರು 6:1 ಆಗಿದ್ದರೆ ಹ್ಯಾಂಡಲಿನ ಪ್ರತಿ ಸುತ್ತಿಗೂ ದಾರಕ್ಕೆ ಆರು ತಿರುಚು ಬೀಳುತ್ತದೆ. ಅರ್ಧ ನಿಮಿಷ ಹೀಗೆ ಮಾಡಿದರೆ ಮುಂದಿನ ಸಲ ಜಿಗ್ ಬಿಡುವಾಗ ದಾರ ಗಂಟಾಗಿ ರಾಡಿನ ಗೈಡಿಗೆ, ಅಂದರೆ ದಾರ ಹಾಯುವ ಉಂಗುರಕ್ಕೆ ಸಿಕ್ಕಿಕೊಳ್ಳುವುದು ಖಂಡಿತ. ಡ್ರ್ಯಾಗ್ ಓಡುವಾಗ ಹ್ಯಾಂಡಲ್ ನಿಲ್ಲಿಸಿ ಎಂಬುದು ಸ್ಪಿನ್ನಿಂಗ್ ರೀಲು ಹಿಡಿದವರು ಮೊದಲು ಕಲಿಯಬೇಕಾದ ಪಾಠ.

ಕನ್ವೆನ್ಷನಲ್ ರೀಲಿಗೂ ಅದರದೇ ಆದ ಪಾಠಗಳಿವೆ. ಸ್ಪೂಲು ದಾರಕ್ಕಿಂತ ವೇಗವಾಗಿ ತಿರುಗಿಬಿಟ್ಟರೆ ಒಳಗೆ ಹಕ್ಕಿಗೂಡು ಕಟ್ಟಿಕೊಳ್ಳುತ್ತದೆ. ಜಿಗ್ ತಳ ಮುಟ್ಟಿದಾಗ ಹೆಬ್ಬೆರಳು ಒತ್ತುವುದು ಒಂದು ಚಿಟಿಕೆ ಹೊತ್ತು ತಡವಾದರೂ ಸಾಕು. ಜಿಗ್ಗಿಂಗ್‌ಗೆ ಮಾಡಿದ ಹೆಚ್ಚಿನ ರೀಲುಗಳಲ್ಲಿ ದಾರವನ್ನು ಸಮನಾಗಿ ಹರಡುವ ವ್ಯವಸ್ಥೆ ಇರುವುದಿಲ್ಲ. ರಾಡು ಹಿಡಿದ ಕೈಯ ಹೆಬ್ಬೆರಳೇ ದಾರವನ್ನು ಎಡಕ್ಕೆ ಬಲಕ್ಕೆ ಸರಿಸುತ್ತಿರಬೇಕು. ಮೀನಿನ ಜೊತೆ ಗುದ್ದಾಡುವ ಗಡಿಬಿಡಿಯಲ್ಲಿ ಇದನ್ನು ಮರೆತರೆ ದಾರ ಒಂದೇ ಕಡೆ ಗುಡ್ಡೆಯಾಗಿ ಚೌಕಟ್ಟಿಗೆ ತಾಗಿ ರೀಲು ನಿಂತುಬಿಡುತ್ತದೆ, ಅದೂ ಮೀನು ದೋಣಿಯ ಹತ್ತಿರ ಬಂದಾಗ. ಕಿರಿದಾದ ಸ್ಪೂಲು ಬಂದ ಮೇಲೆ ಈ ಕಾಟ ಬಹಳ ಕಡಿಮೆಯಾಗಿದೆ. ಓಡುವ ದೋಣಿಯ ಹಿಂದೆ ಎರೆ ಎಳೆಯುವ ಟ್ರೋಲಿಂಗ್‌ಗೆ ಮಾಡಿದ ಅಗಲ ಸ್ಪೂಲಿನ ಹಳೆಯ ರೀಲು ಯಾರಾದರೂ ಕೊಟ್ಟರೆ ಅದನ್ನು ಜಿಗ್ಗಿಂಗ್‌ಗೆ ತೆಗೆದುಕೊಂಡು ಹೋಗಬೇಡಿ.

ಈಗ ಶಕ್ತಿಯ ಲೆಕ್ಕಕ್ಕೆ ಬರೋಣ. ಅಂಗಡಿಯಲ್ಲಿ ಗ್ರಾಹಕರ ಕಣ್ಣು ಬೀಳುವುದು ಗೇರಿನ ಸಂಖ್ಯೆಯ ಮೇಲೆ: 6:1 ಮೇಲೋ 4.4:1 ಮೇಲೋ? ಸ್ಪೂಲಿನ ಮೇಲಿನ ದಾರದ ಸುತ್ತಿನ ವ್ಯಾಸ 70 ಮಿಲಿಮೀಟರ್ ಎಂದುಕೊಳ್ಳಿ. ಒಂದು ಸುತ್ತಿಗೆ 22 ಸೆಂಟಿಮೀಟರ್ ದಾರ. ಗೇರು 6:1 ಇದ್ದರೆ ಹ್ಯಾಂಡಲಿನ ಒಂದು ತಿರುವಿಗೆ 132 ಸೆಂಟಿಮೀಟರ್, 4.4:1 ಇದ್ದರೆ 97 ಸೆಂಟಿಮೀಟರ್. ನೂರು ಮೀಟರ್ ಖಾಲಿ ಜಿಗ್ ಎತ್ತಲು ಮೊದಲನೆಯದಕ್ಕೆ 76 ಸುತ್ತು, ಎರಡನೆಯದಕ್ಕೆ 103 ಸುತ್ತು. ಬೆಳಗಿನಿಂದ ಸಂಜೆವರೆಗೆ ಎತ್ತಿ ಇಳಿಸುವವರಿಗೆ ಈ ವ್ಯತ್ಯಾಸ ಮೊಣಕೈಯಲ್ಲಿ ಗೊತ್ತಾಗುತ್ತದೆ. ಆದರೆ ಕೊನೆಗೆ ಮೀನು ಸಿಕ್ಕಿ 8 ಕಿಲೋ ಬಲದಲ್ಲಿ ಜಗ್ಗುತ್ತಿದ್ದರೆ? 90 ಮಿಲಿಮೀಟರ್ ಉದ್ದದ ಹ್ಯಾಂಡಲನ್ನು ತಿರುಗಿಸಲು 6:1 ಗೇರಿನಲ್ಲಿ ಸುಮಾರು 19 ಕಿಲೋ ಬಲ ಬೇಕು, 4.4ರಲ್ಲಿ 14 ಕಿಲೋದೊಳಗೆ ಸಾಕು. ಘರ್ಷಣೆ ಇದರ ಮೇಲೆ. 19 ಕಿಲೋ ಬಲವನ್ನು ಒಂದೇ ಕೈಯಲ್ಲಿ ಸುತ್ತು ಸುತ್ತಿಗೂ ಕೊಡುವುದು ಸಾಧ್ಯವಿಲ್ಲ, ಹಾಗಾಗಿ ರಾಡು ಎತ್ತಿ, ಇಳಿಸುವಾಗ ಸುತ್ತಬೇಕು. ಇಲ್ಲಿಯೂ ಎರಡು ರೀಲುಗಳ ನಡುವೆ ವ್ಯತ್ಯಾಸ ಇದೆ. ಕನ್ವೆನ್ಷನಲ್ ರೀಲಿನಲ್ಲಿ ದಾರ ನೇರವಾಗಿ ಬರುವುದರಿಂದ ನೀವು ಹಾಕಿದ ಬಲ ಹೆಚ್ಚು ಪೋಲಾಗುವುದಿಲ್ಲ, ಸ್ಪೂಲು ಎರಡು ಕಡೆ ಆಧಾರದ ಮೇಲೆ ಕೂತಿರುವುದರಿಂದ ಮೈ ಬಾಗುವುದಿಲ್ಲ. ಸ್ಪಿನ್ನಿಂಗ್ ರೀಲಿನಲ್ಲಿ ಲಂಬ ಕೋನದ ತಿರುವು ತನ್ನ ಪಾಲು ಕಿತ್ತುಕೊಳ್ಳುತ್ತದೆ. ದುಬಾರಿ ಸ್ಪಿನ್ನಿಂಗ್ ರೀಲಿನಲ್ಲಿ ದೃಢವಾದ ಲೋಹದ ಮೈ ಈ ನಷ್ಟವನ್ನು ಮರೆಸುತ್ತದೆ. ಅಗ್ಗದ ಪ್ಲಾಸ್ಟಿಕ್ ಮೈಯ ರೀಲಿನಲ್ಲಿ ಗೇರುಗಳ ಹೊಂದಾಣಿಕೆಯೇ ತಪ್ಪುತ್ತದೆ.

ಡಬ್ಬಿಯ ಮೇಲೆ ಡ್ರ್ಯಾಗ್ 25 ಕಿಲೋ ಎಂದು ಬರೆದಿದ್ದರೆ ಅದಕ್ಕೆ ಮರುಳಾಗಬೇಡಿ. ದೋಣಿ ಅಲ್ಲಾಡುವಾಗ ನಿಂತುಕೊಂಡು, ರಾಡು ಕಂಕುಳಲ್ಲಿ ಹಿಡಿದು 10 ಕಿಲೋ ಎಳೆತವನ್ನು ಐದು ನಿಮಿಷ ತಡೆಯುವುದೇ ಗಟ್ಟಿ ಮನುಷ್ಯನ ಕೆಲಸ. ಸಾಮಾನ್ಯವಾಗಿ ಡ್ರ್ಯಾಗನ್ನು ದಾರ ಕಿತ್ತುಹೋಗುವ ಬಲದ ಮೂರನೇ ಒಂದು ಪಾಲಿಗೆ ಇಟ್ಟುಕೊಳ್ಳುತ್ತಾರೆ. ಅಂಗಡಿಯವರು ಯಾರೂ ಹೇಳದ ಇನ್ನೊಂದು ವಿಷಯ ಇದೆ. ಮೀನು ದಾರ ಎಳೆದುಕೊಂಡು ಹೋದಂತೆ ಸ್ಪೂಲಿನ ಮೇಲಿನ ಸುತ್ತಿನ ವ್ಯಾಸ ಚಿಕ್ಕದಾಗುತ್ತದೆ. ಡ್ರ್ಯಾಗಿನ ಗುಂಡಿ ಮುಟ್ಟದಿದ್ದರೂ ಎಳೆತ ಏರುತ್ತದೆ. 60 ಮಿಲಿಮೀಟರ್ ಇದ್ದ ವ್ಯಾಸ 45ಕ್ಕೆ ಇಳಿದರೆ 6 ಕಿಲೋಗೆ ಇಟ್ಟ ಡ್ರ್ಯಾಗ್ 8 ಕಿಲೋ ಆಗಿರುತ್ತದೆ. ಅದೇ ಹೊತ್ತಿಗೆ ಒಂದು ಸುತ್ತಿಗೆ ಬರುವ ದಾರವೂ ಕಾಲು ಭಾಗ ಕಡಿಮೆ. ಕಿರಿದಾದ ಸ್ಪೂಲಿನ ಕನ್ವೆನ್ಷನಲ್ ರೀಲಿನಲ್ಲಿ ಈ ಬದಲಾವಣೆ ಬೇಗ ಕಾಣುತ್ತದೆ, ದೊಡ್ಡ ವ್ಯಾಸದ ಸ್ಪಿನ್ನಿಂಗ್ ಸ್ಪೂಲಿನಲ್ಲಿ ನಿಧಾನ. ಆದ್ದರಿಂದ 150 ಮೀಟರ್ ಆಳಕ್ಕೆ ಹೋಗುವವರು 200 ಮೀಟರ್ ದಾರ ಸಾಕೆಂದು ನಿಲ್ಲಿಸಬಾರದು. ಸ್ಪೂಲು ಅಂಚಿನವರೆಗೆ ತುಂಬಿರಲಿ, ತುಂಬಲು ಕನಿಷ್ಠ ಆಳದ ಎರಡು ಪಟ್ಟು ದಾರ ಇರಲಿ.

ಎಸೆಯುವ ವಿಚಾರಕ್ಕೆ ಬಂದರೆ ವಾದವೇ ಇಲ್ಲ, ಸ್ಪಿನ್ನಿಂಗ್ ರೀಲು ಗೆಲ್ಲುತ್ತದೆ. ದೋಣಿ ಗಾಳಿಗೆ ವೇಗವಾಗಿ ತೇಲುತ್ತಿದ್ದರೆ ನೇರ ಕೆಳಗೆ ಬಿಟ್ಟ ಜಿಗ್ ಹಿಂದೆ ಉಳಿದುಬಿಡುತ್ತದೆ. ಆಗ ದೋಣಿ ಹೋಗುವ ದಿಕ್ಕಿಗೆ ಮುಂದಕ್ಕೆ ಎಸೆದು, ದೋಣಿ ಅದರ ಮೇಲೆ ಬರುವ ಹೊತ್ತಿಗೆ ಓರೆಯಾಗಿ ಎತ್ತಿಕೊಳ್ಳಬೇಕು. ಇದ್ದಕ್ಕಿದ್ದಂತೆ ಮೂವತ್ತು ಮೀಟರ್ ಆಚೆ ನೀರು ಕುದಿದು, ಕೇದರಗಳು ಸಣ್ಣ ಮೀನಿನ ಹಿಂಡಿಗೆ ನುಗ್ಗಿದರೆ ಅಲ್ಲಿಗೆ ತಕ್ಷಣ ಜಿಗ್ ತಲುಪಿಸಬೇಕು. ನಮ್ಮ ಕರಾವಳಿಯ ಕಡಿಮೆ ಆಳದ ನೀರಿನಲ್ಲಿ ಇಂಥ ಸಂದರ್ಭಗಳೇ ಹೆಚ್ಚು. ಅಂಜಲ್ ಕೂಡ ತಳಕ್ಕಿಂತ ಮೇಲಿನ, ನಡುವಿನ ನೀರಿನಲ್ಲಿ ಓಡಾಡುವ ಮೀನು, ವೇಗದ ಜಿಗ್ಗಿಗೆ ಬೀಳುವಂಥದ್ದು. ಅದರ ಹಲ್ಲು ಹರಿತ ಎಂಬುದನ್ನು ಮರೆಯದೆ, ಜಿಗ್ಗಿನ ಮುಂದೆ ಕಟ್ಟುವ ಗಟ್ಟಿ ದಾರವಾದ ಲೀಡರಿಗೆ ಒಂದು ತುಂಡು ತಂತಿ ಹಾಕಿಕೊಳ್ಳಿ.

ಮೈಗೆ ಯಾವುದು ಒಗ್ಗುತ್ತದೆ ಎಂಬುದನ್ನು ಹಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸ್ಪಿನ್ನಿಂಗ್ ರೀಲು ಮತ್ತು ಗೈಡುಗಳು ರಾಡಿನ ಕೆಳಗಿರುವುದರಿಂದ ಭಾರ ಬಿದ್ದಾಗ ರಾಡು ಸ್ಥಿರವಾಗಿರುತ್ತದೆ. ಕನ್ವೆನ್ಷನಲ್‌ನಲ್ಲಿ ರೀಲೂ ಗೈಡೂ ಮೇಲೆ, ಆದ್ದರಿಂದ ದೊಡ್ಡ ಮೀನು ಎಳೆದಾಗ ರಾಡು ಕೈಯಲ್ಲಿ ಹೊರಳಲು ನೋಡುತ್ತದೆ, ಅದನ್ನು ಮಣಿಕಟ್ಟು ಹಿಡಿದು ನಿಲ್ಲಿಸಬೇಕು. ಗೈಡುಗಳನ್ನು ಸುರುಳಿಯಾಗಿ ಮೇಲಿನಿಂದ ಕೆಳಬದಿಗೆ ತಂದು ಕಟ್ಟಿದ ರಾಡುಗಳು ಈ ಹೊರಳಾಟವನ್ನು ತಪ್ಪಿಸುತ್ತವೆ. ಮಣಿಕಟ್ಟು ನೋವಿರುವವರು, ಮೊದಲ ಸಲ ಸಮುದ್ರಕ್ಕೆ ಹೋಗುವವರು ಸ್ಪಿನ್ನಿಂಗ್‌ನಲ್ಲಿ ಬೇಗ ಹೊಂದಿಕೊಳ್ಳುತ್ತಾರೆ. ಹ್ಯಾಂಡಲಿನ ಬದಿಯನ್ನೂ ನೋಡಿಕೊಳ್ಳಿ. ಸ್ಪಿನ್ನಿಂಗ್ ರೀಲಿನ ಹ್ಯಾಂಡಲನ್ನು ಬಿಚ್ಚಿ ಎಡಕ್ಕೋ ಬಲಕ್ಕೋ ಹಾಕಿಕೊಳ್ಳಬಹುದು. ಕನ್ವೆನ್ಷನಲ್ ರೀಲಿಗೆ ಹಾಗಾಗುವುದಿಲ್ಲ, ಎಡಗೈಯದು ಬೇಕಾದರೆ ಎಡಗೈಯದನ್ನೇ ಕೊಳ್ಳಬೇಕು. ಕೆಲವು ಮಾದರಿಗಳು ಎಡಗೈಗೆ ಬರುವುದೇ ಇಲ್ಲ. ರಾಡುಗಳೂ ಬೇರೆ ಬೇರೆ, ಒಂದರ ರಾಡಿಗೆ ಇನ್ನೊಂದರ ರೀಲು ಕಟ್ಟುವ ಯೋಚನೆ ಬಿಟ್ಟುಬಿಡಿ.

ದುಡ್ಡಿನ ಮಾತು. ಜಪಾನಿನ ಮೇಲ್ದರ್ಜೆಯ ಸ್ಪಿನ್ನಿಂಗ್ ರೀಲು ನಮ್ಮಲ್ಲಿ ಲಕ್ಷ ರೂಪಾಯಿಯ ಹತ್ತಿರಕ್ಕೆ ಹೋಗುತ್ತದೆ. ಅಷ್ಟು ಖರ್ಚು ಮಾಡಬಲ್ಲವರಿಗೆ ಎರಡು ಬಗೆಗಳ ನಡುವಿನ ಗಟ್ಟಿತನದ ಅಂತರ ಅಳಿಸಿಹೋಗಿದೆ ಎಂದು ಆರಂಭದಲ್ಲೇ ಹೇಳಿದೆ. ಕಡಿಮೆ ಬಜೆಟ್ಟಿನಲ್ಲಿ ಆ ಅಂತರ ಇನ್ನೂ ಇದೆ. ಒಂದೇ ಬೆಲೆಯ ಎರಡು ರೀಲು ಎದುರಿಗಿಟ್ಟರೆ, ಆಳದ ಭಾರದ ಕೆಲಸಕ್ಕೆ ನಾನು ಯೋಚನೆ ಮಾಡದೆ ಕನ್ವೆನ್ಷನಲ್ ಎತ್ತಿಕೊಳ್ಳುತ್ತೇನೆ. ಅದರಲ್ಲಿ ತೆಳ್ಳಗಿನ ಚಲಿಸುವ ಭಾಗಗಳು ಕಡಿಮೆ. ಸ್ಪಿನ್ನಿಂಗ್ ರೀಲಿನಲ್ಲಿ ಉಪ್ಪುನೀರು ಮೊದಲು ತಿನ್ನುವುದು ದಾರ ತಿರುಗುವ ಆ ಸಣ್ಣ ರೋಲರಿನ ಬೇರಿಂಗನ್ನು. ಅದು ತಿರುಗದೆ ನಿಂತರೆ ದಾರ ರೋಲರಿನ ಮೇಲೆ ಉಜ್ಜಿ ಉಜ್ಜಿ ಸವೆಯುತ್ತದೆ. ನಮ್ಮ ದೇಶದಲ್ಲಿ ಇಂಥ ರೀಲುಗಳ ರಿಪೇರಿ ಬಲ್ಲವರು ಊರೂರಿಗೆ ಸಿಗುವುದಿಲ್ಲ, ಬಿಡಿಭಾಗ ತರಿಸಲು ವಾರಗಟ್ಟಲೆ ಕಾಯಬೇಕು. ಹಾಗಾಗಿ ಆರೈಕೆ ನಮ್ಮದೇ. ದೋಣಿಯಿಂದ ಇಳಿದ ದಿನವೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಹಗುರವಾಗಿ ಚಿಮುಕಿಸಿ ತೊಳೆಯಿರಿ. ಜೋರು ಪೈಪು ಹಿಡಿದರೆ ಉಪ್ಪು ಒಳಕ್ಕೆ ಹೋಗಿ ಕೂರುತ್ತದೆ, ಬಕೆಟ್ಟಿನಲ್ಲಿ ಮುಳುಗಿಸಿದರೂ ಅದೇ. ಒರೆಸಿ ನೆರಳಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿ ಇಡಿ.

ಒಂದೇ ರಾಡು, ಒಂದೇ ರೀಲು ಕೊಳ್ಳುವ ಶಕ್ತಿ ಇದೆ, ಹೋಗುವುದು ಮಲ್ಪೆ, ಮುರುಡೇಶ್ವರ, ಕಾರವಾರದ ನೀರಿಗೆ ಎಂದಾದರೆ ಸ್ಪಿನ್ನಿಂಗ್ ಕೊಳ್ಳಿ. ಅದೇ ರೀಲಿನಲ್ಲಿ ಜಿಗ್ ಇಳಿಸಬಹುದು, ಎಸೆಯಬಹುದು, ಪಾಪರ್ ಎಂಬ ತೇಲುವ ನಕಲಿ ಮೀನು ಹಾಕಿ ಮೇಲ್ನೀರಿನ ಮೀನನ್ನೂ ಕರೆಯಬಹುದು. ವರ್ಷಕ್ಕೊಮ್ಮೆ ಅಂಡಮಾನಿಗೆ ಹೋಗಿ 80 ಮೀಟರ್ ಮೀರಿದ ಇಳಿಜಾರುಗಳಲ್ಲಿ ಮುರು, ಕೆಂಬೇರಿಗಳನ್ನು ಹುಡುಕುವವರು ನೀವಾದರೆ ಕಿರಿದಾದ ಸ್ಪೂಲಿನ ಕನ್ವೆನ್ಷನಲ್ ರೀಲು, ಪಿಇ 2 ಅಥವಾ 3ರ ದಾರ ತೆಗೆದುಕೊಳ್ಳಿ. ಅದೇ ಇಳಿಜಾರಿನಲ್ಲಿ ಡಾಗ್‌ಟೂತ್ ಬೆನ್ನುಹತ್ತುವುದಿದ್ದರೆ ಮತ್ತೆ ದೊಡ್ಡ ಸ್ಪಿನ್ನಿಂಗ್ ರೀಲಿಗೆ ಬರಬೇಕಾಗುತ್ತದೆ, ಅದಕ್ಕೆ ವೇಗ ಬೇಕು. 200 ಮೀಟರ್ ದಾಟಿದರೆ ಜಪಾನಿನಲ್ಲಿ ವಿದ್ಯುತ್ ಮೋಟರಿನ ರೀಲು ಹಿಡಿಯುವವರೂ ಇದ್ದಾರೆ. ಅಂತಾರಾಷ್ಟ್ರೀಯ ದಾಖಲೆಗಳನ್ನು ಇಟ್ಟುಕೊಳ್ಳುವ ಐಜಿಎಫ್‌ಎ ಸಂಸ್ಥೆ ಅದರಲ್ಲಿ ಹಿಡಿದ ಮೀನನ್ನು ಪರಿಗಣಿಸುವುದಿಲ್ಲ. ನನಗೂ ಕೈಯಿಂದ ಎತ್ತಿದ್ದೇ ಇಷ್ಟ.

ಕನ್ವೆನ್ಷನಲ್ ರೀಲು ಆರಿಸಿಕೊಂಡವರು ಅದರ ಜೊತೆಗೆ ಇನ್ನೊಂದು ಹೊಣೆಯನ್ನೂ ಆರಿಸಿಕೊಂಡಿರುತ್ತಾರೆ. ಆ ರೀಲು ನಮ್ಮನ್ನು ಆಳಕ್ಕೆ, ತಳದಲ್ಲಿ ಬಾಳುವ ಮೀನುಗಳ ಹತ್ತಿರಕ್ಕೆ ಒಯ್ಯುತ್ತದೆ. ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 90 ಮೀಟರ್ ಕೆಳಗಿನ ಮುರು ಮೀನಿನ ಗಾಳಿಚೀಲ ಮೇಲೆ ಬರುವಷ್ಟರಲ್ಲಿ ಹತ್ತು ಪಟ್ಟು ಉಬ್ಬಲು ಹವಣಿಸುತ್ತದೆ. ಕಣ್ಣು ಹೊರಚಾಚಿ, ಹೊಟ್ಟೆಯ ಭಾಗ ಬಾಯಿಗೆ ಬಂದು ನೀರಿನ ಮೇಲೆ ತೇಲುತ್ತದೆ. ಅದನ್ನು ಹಾಗೆಯೇ ಸಮುದ್ರಕ್ಕೆ ಎಸೆದು 'ಬಿಟ್ಟುಬಿಟ್ಟೆ' ಎಂದು ಸಮಾಧಾನಪಡುವುದು ಸರಿಯಲ್ಲ, ಅದು ಕೆಳಗೆ ಹೋಗಲಾರದೆ ಸಾಯುತ್ತದೆ. ಭಾರ ಕಟ್ಟಿದ ಹಿಡಿಕೆಯಲ್ಲಿ ದವಡೆ ಹಿಡಿದು ಮೀನನ್ನು ಮತ್ತೆ ಆಳಕ್ಕೆ ಇಳಿಸಿ ಅಲ್ಲಿ ಬಿಡುವ ಸಾಧನ ಸಿಗುತ್ತದೆ. ಅದು ದೋಣಿಯಲ್ಲಿ ಇದೆಯೇ ಎಂದು ಹೊರಡುವ ಮೊದಲೇ ಕೇಳಿ. ಇಲ್ಲದಿದ್ದರೆ ತಿನ್ನಲು ಬೇಕಾದಷ್ಟು ಸಿಕ್ಕ ಕೂಡಲೇ ಆ ಬಂಡೆ ಬಿಟ್ಟು ಕಡಿಮೆ ಆಳಕ್ಕೆ ಬನ್ನಿ, ಸ್ಪಿನ್ನಿಂಗ್ ರಾಡು ಎತ್ತಿಕೊಂಡು ಟ್ರೆವಲ್ಲಿಗೆ ಎಸೆಯಿರಿ.